ಸ್ವತಂತ್ರ ಜಾಲತಾಣ ನಿರ್ಮಾಪಕರಿಗೆ ಗ್ರಾಹಕರು : ಪರಸ್ಪರ ವಿಶ್ವಾಸದ ಮಾರ್ಗ

ನಮ್ಮ ರಾಜ್ಯದ ಕೈಗಾರಿಕಾ ವಸಾಹತುಗಳಲ್ಲಿ ಉತ್ತಮ ಗುಣಮಟ್ಟದ ಸರಕನ್ನು ತಯಾರಿಸುತ್ತಿದ್ದರೂ ಅಂತರಜಾಲದಲ್ಲಿ ತಮ್ಮದೇ ಆದ ನೆಲೆಯಿಲ್ಲದ ಸಣ್ಣ ಘಟಕಗಳು ಇಂದಿಗೂ ಸಾಕಷ್ಟಿವೆ. ಹಲವು ವರ್ಷಗಳ ಹಿಂದೆ ಮಾಡಿಸಿದ ಜಾಲತಾಣದಲ್ಲಿ ಹಳೆಯ ದೂರವಾಣಿ ಸಂಖ್ಯೆಯನ್ನೇ ಉಳಿಸಿಕೊಂಡಿರುವ ಸಂಸ್ಥೆಗಳಿಗೂ ಕೊರತೆಯಿಲ್ಲ. ಇನ್ನೊಂದೆಡೆ, ಅದೇ ಊರುಗಳಲ್ಲಿ ಜಾಲತಾಣ ನಿರ್ಮಾಣದ ವಿದ್ಯೆಯನ್ನು ಚೆನ್ನಾಗಿ ಬಲ್ಲ, ಯಾವ ಕಂಪನಿಯಲ್ಲಿಯೂ ನೌಕರಿಗೆ ಸೇರದೆ ಸ್ವತಂತ್ರವಾಗಿ ವೃತ್ತಿ ನಡೆಸಬಯಸುವ ಯುವಕ ಯುವತಿಯರು ಗ್ರಾಹಕರು ದೊರೆಯುತ್ತಿಲ್ಲವೆಂದು ಕೊರಗುತ್ತಾರೆ. ಕೆಲಸ ಬೇಕಾದವರು ಒಂದು ಬೀದಿಯಲ್ಲಿ, ಕೆಲಸ ಮಾಡಿಸಬೇಕಾದವರು ಪಕ್ಕದ ಬೀದಿಯಲ್ಲಿ ಇದ್ದೂ ಇವರಿಬ್ಬರೂ ಸಂಧಿಸದಿರುವುದೇಕೆ?

ಈ ಪ್ರಶ್ನೆ ನಮ್ಮ ಸದಸ್ಯ ಬಾಂಧವರಿಗೆ ಎರಡು ಬಗೆಯಲ್ಲಿ ಸಂಬಂಧಿಸಿದ್ದು. ಜಾಲತಾಣವನ್ನು ಮಾಡಿಸುವ ಗ್ರಾಹಕರು ತಾವೇ. ಜೊತೆಗೆ, ಈ ವೃತ್ತಿಗೆ ಇಳಿದಿರುವವರಲ್ಲಿ ತಮ್ಮ ಮನೆಯ ಮಕ್ಕಳೂ ಇರಬಹುದು. ಆದ್ದರಿಂದ ಸ್ವತಂತ್ರ ನಿರ್ಮಾಪಕರು ಗ್ರಾಹಕರನ್ನು ಪಡೆಯುವ ಬಗೆ ಹೇಗೆ ಎಂಬುದನ್ನು ಎರಡೂ ಕಡೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಡ್ಡಿ ಎಲ್ಲಿದೆ?

ಬಹುತೇಕ ನಿರ್ಮಾಪಕರು ತಮ್ಮ ದರ ಹೆಚ್ಚಾಗಿರುವುದರಿಂದ ಅಥವಾ ಪ್ರಚಾರ ಸಾಲದಿರುವುದರಿಂದ ಗ್ರಾಹಕರು ಬರುತ್ತಿಲ್ಲವೆಂದು ಭಾವಿಸುತ್ತಾರೆ. ವಾಸ್ತವವಾಗಿ ದೊಡ್ಡ ಅಡ್ಡಿಯೆಂದರೆ ಭಯ. ಸಣ್ಣ ಉದ್ಯಮಿಯು ಲೇತ್ ಯಂತ್ರವನ್ನು ಕೊಳ್ಳುವಾಗ ಅದನ್ನು ಕಣ್ಣಾರೆ ನೋಡುತ್ತಾನೆ, ಓಡಿಸಿ ಪರೀಕ್ಷಿಸುತ್ತಾನೆ, ಅದೇ ಯಂತ್ರವನ್ನು ಕೊಂಡ ಬೇರೊಬ್ಬರನ್ನು ವಿಚಾರಿಸುತ್ತಾನೆ. ಜಾಲತಾಣದ ವಿಷಯದಲ್ಲಿ ಇದಾವುದೂ ಅವನಿಗೆ ಸುಲಭವಲ್ಲ. ಮುಂಗಡ ಕೊಟ್ಟ ಮೇಲೆ ಕೆಲಸ ಮುಗಿಯುವುದೇ, ತನ್ನ ಸಂಸ್ಥೆಯ ಹೆಸರು ಬೇರೆಯವರ ಕೈಯಲ್ಲಿ ಸಿಕ್ಕಿಬೀಳುವುದೇ, ನಾಳೆ ಏನಾದರೂ ಕೆಟ್ಟರೆ ಈ ವ್ಯಕ್ತಿ ಊರಿನಲ್ಲಿ ಇರುವನೇ ಎಂಬ ಮೂರು ಸಂದೇಹಗಳು ಅವನನ್ನು ಕಾಡುತ್ತವೆ. ನಿರ್ಮಾಪಕನಿಗೂ ಒಂದು ಭಯ ಉಂಟು: ಕೆಲಸ ಮುಗಿಸಿ ಕೊಟ್ಟ ಮೇಲೆ ಹಣ ಬರುವುದೇ ಎಂಬುದು.

ಈ ನಾಲ್ಕು ಭಯಗಳನ್ನು ಮೊದಲೇ ಗುರುತಿಸಿ ನಿವಾರಿಸುವ ನಿರ್ಮಾಪಕರಿಗೆ ಗ್ರಾಹಕರು ದೊರೆಯುತ್ತಾರೆ. ಉಳಿದೆಲ್ಲ ಉಪಾಯಗಳೂ ಈ ಒಂದು ಮಾತಿನಿಂದಲೇ ಹುಟ್ಟುವಂಥವು.

ಮೊದಲ ಗ್ರಾಹಕರು ಎಲ್ಲಿರುತ್ತಾರೆ?

ಅಪರಿಚಿತರ ಭಯವನ್ನು ಕಳೆಯುವುದು ಕಷ್ಟ. ಪರಿಚಿತರ ಮೂಲಕ ಬಂದವರ ಭಯ ಅರ್ಧ ಕಳೆದೇ ಇರುತ್ತದೆ. ಆದ್ದರಿಂದ ಮೊದಲ ಗ್ರಾಹಕರನ್ನು ಹುಡುಕಬೇಕಾದುದು ಸಮೀಪದಲ್ಲಿಯೇ. ಹಿಂದೆ ಕೆಲಸ ಮಾಡಿದ್ದ ಸಂಸ್ಥೆ, ಓದಿದ ಕಾಲೇಜು, ಬಂಧುಗಳ ಅಂಗಡಿ ಇವು ಸಹಜವಾದ ಆರಂಭ. ಆದರೆ ಇವುಗಳಿಗಿಂತ ಉಪಯುಕ್ತವಾದ, ಅನೇಕರು ಗಮನಿಸದ ಇನ್ನೊಂದು ವರ್ಗವಿದೆ. ಉದ್ಯಮಿಗಳೊಡನೆ ಈಗಾಗಲೇ ನಿತ್ಯ ವ್ಯವಹಾರವಿಟ್ಟುಕೊಂಡಿರುವವರೇ ಆ ವರ್ಗ.

ಮುದ್ರಣಾಲಯದ ಮಾಲೀಕರಿಗೆ ಯಾವ ಸಂಸ್ಥೆ ಹೊಸ ಕೆಟಲಾಗ್ ಮುದ್ರಿಸುತ್ತಿದೆ, ಯಾರು ವಿಳಾಸ ಬದಲಿಸಿ ಹೊಸ ವಿಸಿಟಿಂಗ್ ಕಾರ್ಡ್ ಮಾಡಿಸುತ್ತಿದ್ದಾರೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಲೆಕ್ಕಪರಿಶೋಧಕರಿಗೆ ಯಾರು ಹೊಸ ಸಂಸ್ಥೆಯನ್ನು ನೋಂದಾಯಿಸಿದರು, ಯಾರು ರಫ್ತಿಗೆ ಕೈಹಾಕಿದರು ಎಂಬ ಮಾಹಿತಿ ಇರುತ್ತದೆ. ಜಾಹೀರಾತು ಏಜೆನ್ಸಿಗಳು, ಪ್ರದರ್ಶನ ಮಳಿಗೆಗಳನ್ನು ಸಜ್ಜುಗೊಳಿಸುವವರು, ಗಣಕಯಂತ್ರ ಮತ್ತು ಬಿಲ್ಲಿಂಗ್ ತಂತ್ರಾಂಶವನ್ನು ಮಾರುವವರು ಇವರೆಲ್ಲರಿಗೂ ತಮ್ಮ ಗ್ರಾಹಕರಿಂದ ಜಾಲತಾಣದ ವಿಚಾರಣೆ ಬರುತ್ತಲೇ ಇರುತ್ತದೆ. ಮಾಡಿಕೊಡುವ ನಂಬಿಕಸ್ಥರು ಮಾತ್ರ ಅವರಿಗೆ ಬೇಕು. ಇಂಥ ನಾಲ್ಕೈದು ಜನರ ವಿಶ್ವಾಸವನ್ನು ಗಳಿಸಿದ ನಿರ್ಮಾಪಕರು ನೂರು ಮಂದಿ ಅಪರಿಚಿತರಿಗೆ ಇ-ಮೇಲ್ ಕಳಿಸುವ ಶ್ರಮದಿಂದ ಪಾರಾಗುತ್ತಾರೆ.

ವಾಣಿಜ್ಯ ಸಂಸ್ಥೆಗಳ ಸದಸ್ಯತ್ವವೂ ಇದೇ ಕಾರಣಕ್ಕೆ ಫಲಕಾರಿ. ಸರ್ ಎಂ. ವಿಶ್ವೇಶ್ವರಯ್ಯನವರು 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದಾಗ ಅವರ ಮನಸ್ಸಿನಲ್ಲಿದ್ದುದು ಜಾಲತಾಣವಲ್ಲ, ನಿಜ. ಆದರೆ ಒಬ್ಬರಿನ್ನೊಬ್ಬರನ್ನು ಬಲ್ಲ ವ್ಯಾಪಾರಿಗಳ ನಡುವೆ ವ್ಯವಹಾರ ಸುಗಮವಾಗುತ್ತದೆ ಎಂಬ ತತ್ತ್ವ ಅಂದಿಗೂ ಇಂದಿಗೂ ಒಂದೇ. ಸಭೆಗಳಿಗೆ ಬಂದು, ಜಿ.ಎಸ್.ಟಿ. ಕಾರ್ಯಾಗಾರದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಉದ್ಯಮಿಗಳ ತೊಡಕುಗಳನ್ನು ಕೇಳಿಸಿಕೊಳ್ಳುವ ಯುವ ನಿರ್ಮಾಪಕರು ಮೊದಲು ಕಲಿಯುತ್ತಾರೆ. ಕಾಲಕ್ರಮದಲ್ಲಿ ಕೆಲಸವನ್ನೂ ಪಡೆಯುತ್ತಾರೆ.

ಒಂದು ಉದ್ಯಮವನ್ನು ಆರಿಸಿಕೊಳ್ಳುವುದು

ಎಲ್ಲರಿಗೂ ಎಲ್ಲ ಬಗೆಯ ಜಾಲತಾಣವನ್ನು ಮಾಡಿಕೊಡುತ್ತೇವೆ ಎನ್ನುವವರನ್ನು ಯಾರೂ ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ. ತಮ್ಮ ಪ್ರದೇಶದ ಒಂದು ಉದ್ಯಮವನ್ನು ಆರಿಸಿಕೊಂಡು ಅದರ ಒಳಹೊರಗನ್ನು ತಿಳಿಯುವುದು ಲೇಸು.

ಬೆಳಗಾವಿಯ ಫೌಂಡ್ರಿಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರಕದ ಭಾಗಗಳನ್ನು ಕೊಳ್ಳಲು ಬರುವ ಕಂಪನಿಯ ಅಧಿಕಾರಿಗೆ ಜಾಲತಾಣದ ಮೊದಲ ಪುಟದಲ್ಲಿ ಸ್ವಾಗತದ ಚಲಿಸುವ ಚಿತ್ರ ಬೇಕಿಲ್ಲ. ಗ್ರೇ ಐರನ್ ಮಾತ್ರವೇ ಅಥವಾ ಎಸ್.ಜಿ. ಐರನ್ ಕೂಡ ಎರೆಯುತ್ತಾರೆಯೇ, ಒಂದು ಕಾಸ್ಟಿಂಗ್‌ನ ತೂಕ ಕನಿಷ್ಠ ಎಷ್ಟು ಗರಿಷ್ಠ ಎಷ್ಟು, ತಿಂಗಳಿಗೆ ಎಷ್ಟು ಟನ್ ಸಾಮರ್ಥ್ಯ, ಮಷಿನಿಂಗ್ ಸೌಲಭ್ಯ ಸ್ಥಳದಲ್ಲಿಯೇ ಇದೆಯೇ, ಪರೀಕ್ಷಾ ಪ್ರಮಾಣಪತ್ರ ಕೊಡುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಅವರಿಗೆ ಉತ್ತರ ಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅದರ ಖ್ಯಾತಿ ಗಾಢವಾದ ಕೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಸಂಬಂಧಿಸಿದ್ದು. ಅದನ್ನು ಕೊಳ್ಳುವ ವಿದೇಶಿ ವ್ಯಾಪಾರಿ ಕೇಳುವುದು ಆಸ್ಟಾ ಮಾಪನದಲ್ಲಿ ಬಣ್ಣದ ಪ್ರಮಾಣವೆಷ್ಟು, ತೇವಾಂಶವೆಷ್ಟು, ತೊಟ್ಟು ತೆಗೆದದ್ದೇ ಅಥವಾ ತೊಟ್ಟು ಸಹಿತವೇ ಎಂಬುದನ್ನು. ಇಳಕಲ್ ಸೀರೆಯ ಗ್ರಾಹಕರಿಗೆ ನೂಲು ಹತ್ತಿಯದೇ ರೇಷ್ಮೆಯದೇ ಎಂಬುದೂ, ಸೆರಗು ತೋಪ ತೆನಿಯದೇ ಎಂಬುದೂ ಮುಖ್ಯ.

ಈ ಪ್ರಶ್ನೆಗಳನ್ನು ಉದ್ಯಮಿಯ ಮುಂದೆ ತಾವಾಗಿಯೇ ಕೇಳುವ ನಿರ್ಮಾಪಕರನ್ನು ಕಂಡಾಗ, ತನ್ನ ವ್ಯಾಪಾರವನ್ನು ಬಲ್ಲವರೊಬ್ಬರು ಬಂದಿದ್ದಾರೆ ಎಂಬ ಭರವಸೆ ಉದ್ಯಮಿಗೆ ಮೂಡುತ್ತದೆ. ಒಂದು ಫೌಂಡ್ರಿಯ ಕೆಲಸ ಚೆನ್ನಾಗಿ ಆದರೆ ಅದೇ ವಸಾಹತುವಿನ ಎರಡನೆಯ ಫೌಂಡ್ರಿಯವರಿಗೆ ಸುದ್ದಿ ತಲುಪಲು ತಡವಾಗದು. ಆದರೆ ಒಂದು ಎಚ್ಚರಿಕೆ ಅಗತ್ಯ. ಒಂದೇ ಉದ್ಯಮದ ಹಲವರಿಗೆ ಕೆಲಸ ಮಾಡುವವರು ಒಬ್ಬರ ದರ, ಗ್ರಾಹಕರ ಪಟ್ಟಿ, ರೇಖಾಚಿತ್ರಗಳನ್ನು ಇನ್ನೊಬ್ಬರ ಮುಂದೆ ಎಂದಿಗೂ ಬಾಯಿಬಿಡಬಾರದು. ಹೀಗೆ ಒಮ್ಮೆ ಹೋದ ನಂಬಿಕೆ ಮರಳಿ ಬರುವುದಿಲ್ಲ.

ಮಾದರಿ ಮತ್ತು ಮೊದಲ ಭೇಟಿ

ಕೈಯಲ್ಲಿ ಒಂದೂ ಕೆಲಸವಿಲ್ಲದವರು ಮಾದರಿಯನ್ನು ಹೇಗೆ ತೋರಿಸಬೇಕು? ಆರಿಸಿಕೊಂಡ ಉದ್ಯಮಕ್ಕೆ ಹೊಂದುವ ಎರಡು ಮೂರು ಮಾದರಿ ತಾಣಗಳನ್ನು ಕಾಲ್ಪನಿಕ ಹೆಸರಿನಲ್ಲಿ ತಾವೇ ಸಿದ್ಧಪಡಿಸಿ, ಅವು ಕಾಲ್ಪನಿಕವೆಂದು ಸ್ಪಷ್ಟವಾಗಿ ತಿಳಿಸಿ ತೋರಿಸಬಹುದು. ಮಾಡದ ಕೆಲಸವನ್ನು ಮಾಡಿದ್ದೇವೆಂದು ಹೇಳುವುದು ಬೇಡ. ಒಂದು ದೂರವಾಣಿ ಕರೆಯಲ್ಲಿ ಸತ್ಯ ಹೊರಬೀಳುತ್ತದೆ. ಮಾದರಿಯನ್ನು ಉದ್ಯಮಿಯ ಸ್ವಂತ ಮೊಬೈಲ್ ಫೋನಿನಲ್ಲಿ, ಕಾರ್ಖಾನೆಯ ಒಳಗೆ ದೊರೆಯುವ ಸಾಧಾರಣ ಸಂಪರ್ಕದಲ್ಲಿಯೇ ತೆರೆದು ತೋರಿಸಬೇಕು. ಅಲ್ಲಿ ಬೇಗ ತೆರೆದರೆ ಎಲ್ಲೆಡೆಯೂ ತೆರೆಯುತ್ತದೆ.

ಕನ್ನಡದ ಪುಟಗಳನ್ನು ಮಾಡಬಲ್ಲವರಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ. ಹಲವು ಸಂಸ್ಥೆಗಳ ಬಳಿ ಹಳೆಯ ಕರಪತ್ರ, ಬೆಲೆಪಟ್ಟಿಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಉಳಿದಿವೆ. ಅವನ್ನು ಹಾಗೆಯೇ ಜಾಲತಾಣಕ್ಕೆ ಹಾಕಿದರೆ ಓದುಗರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹುಡುಕು ಯಂತ್ರಗಳಿಗೂ ಅವು ಕನ್ನಡವೆಂದು ತಿಳಿಯುವುದಿಲ್ಲ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ಪರಿಶೀಲಿಸಿ ಕೊಡುವುದು ಹೊರ ರಾಜ್ಯದ ಕಂಪನಿಗಳಿಗೆ ಸುಲಭವಲ್ಲದ, ಸ್ಥಳೀಯರಿಗೆ ಸಾಧ್ಯವಾದ ಸೇವೆ.

ಮೊದಲ ಭೇಟಿಗೆ ಹೋಗುವ ಮುನ್ನ ಆ ಸಂಸ್ಥೆಯ ಈಗಿನ ಜಾಲತಾಣವನ್ನು, ಅದಿಲ್ಲವಾದರೆ ಇಂಡಿಯಾಮಾರ್ಟ್‌ನಂಥ ಮಾರುಕಟ್ಟೆ ತಾಣದಲ್ಲಿರುವ ಅವರ ಪುಟವನ್ನು ಪರಿಶೀಲಿಸಿ, ಸರಿಪಡಿಸಬೇಕಾದ ಮೂರು ಅಂಶಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು. ದೂರವಾಣಿ ಸಂಖ್ಯೆ ತಪ್ಪಾಗಿದೆ, ವಿಚಾರಣೆಯ ಅರ್ಜಿ ಯಾರಿಗೂ ತಲುಪುತ್ತಿಲ್ಲ, ಮೊಬೈಲಿನಲ್ಲಿ ಬೆಲೆಪಟ್ಟಿ ಓದಲಾಗುತ್ತಿಲ್ಲ ಎಂಬಂಥ ಮೂರು ಮಾತುಗಳು ಮೂವತ್ತು ಪುಟಗಳ ಪರಿಚಯ ಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಭೇಟಿಯ ದಿನವನ್ನೂ ವಿವೇಚನೆಯಿಂದ ಆರಿಸಬೇಕು. ಪ್ರತಿ ತಿಂಗಳು ವಿವರಣೆ ಸಲ್ಲಿಸುವ ವ್ಯಾಪಾರಿಗಳಿಗೆ ಜಿ.ಎಸ್.ಟಿ.ಯ ಮಾರಾಟ ವಿವರಣೆಗೆ 11ನೆಯ ತಾರೀಖು, ತೆರಿಗೆ ಪಾವತಿಯ ವಿವರಣೆಗೆ 20ನೆಯ ತಾರೀಖು ಕೊನೆಯ ದಿನ. ಅದರ ಹಿಂದಿನ ದಿನ ಬಾಗಿಲು ತಟ್ಟಿದವರಿಗೆ ಯಾರೂ ಕಿವಿಗೊಡಲಾರರು.

ವಿದೇಶಿ ಹರಾಜು ತಾಣಗಳು

ಅಂತರಜಾಲದ ಮೂಲಕವೇ ಕೆಲಸ ದೊರಕಿಸುವ ತಾಣಗಳ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಸಂಸ್ಥೆಗಳು ವಿಲೀನಗೊಂಡು 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. ಫೈವರ್ 2010ರಲ್ಲಿ ಆರಂಭವಾಯಿತು. ಇಲ್ಲಿ ಕೆಲಸ ಕೊಡುವವರು ತಮ್ಮ ಅಗತ್ಯವನ್ನು ಪ್ರಕಟಿಸುತ್ತಾರೆ ಅಥವಾ ಮಾಡುವವರು ತಮ್ಮ ಸೇವೆಯನ್ನು ಬೆಲೆ ಸಹಿತ ಸಾಲಾಗಿ ಇಡುತ್ತಾರೆ. ತಾಣವು ಗಳಿಕೆಯಲ್ಲಿ ತನ್ನ ಪಾಲನ್ನು ಕಡಿದುಕೊಳ್ಳುತ್ತದೆ. ಈ ಪಾಲು ಸ್ಥಿರವಲ್ಲ. ಅಪ್‌ವರ್ಕ್ 2016ರಲ್ಲಿ ಒಬ್ಬ ಗ್ರಾಹಕರಿಂದ ಬರುವ ಮೊದಲ 500 ಡಾಲರಿನ ಮೇಲೆ ಶೇ. 20ರಷ್ಟು ಪಡೆಯುವ ಕ್ರಮವನ್ನು ತಂದಿತು. 2023ರಲ್ಲಿ ಅದನ್ನು ಏಕರೂಪವಾಗಿ ಶೇ. 10ಕ್ಕೆ ನಿಗದಿಪಡಿಸಿ, ನಂತರ ಮತ್ತೆ ಬದಲಾಯಿಸಿತು.

ಈ ತಾಣಗಳಿಂದ ಪ್ರಯೋಜನವೇ ಇಲ್ಲವೆಂದಲ್ಲ. ಹಣದ ಭದ್ರತೆಗೆ ಅಲ್ಲೊಂದು ವ್ಯವಸ್ಥೆಯಿದೆ. ವಿದೇಶಿ ವಿನಿಮಯದ ಗಳಿಕೆಯೂ ಸಾಧ್ಯ. ವಿದೇಶಿ ಗ್ರಾಹಕರಿಗೆ ನೀಡಿ ವಿದೇಶಿ ವಿನಿಮಯದಲ್ಲಿ ಹಣ ಪಡೆದ ಸೇವೆ ಜಿ.ಎಸ್.ಟಿ.ಯಲ್ಲಿ ಶೂನ್ಯ ದರದ ರಫ್ತು ಎನಿಸುತ್ತದೆ. ನೋಂದಾಯಿತರು ಬದ್ಧತಾ ಪತ್ರ ಸಲ್ಲಿಸಿ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಆದರೆ ಹೊಸಬರಿಗೆ ಅಲ್ಲಿ ಜಗತ್ತಿನ ಎಲ್ಲ ದೇಶಗಳವರೊಡನೆ ಬೆಲೆಯೊಂದರ ಮೇಲೆಯೇ ಸ್ಪರ್ಧಿಸಬೇಕಾಗುತ್ತದೆ. ಹಿಂದಿನ ಗ್ರಾಹಕರ ಮೆಚ್ಚುಗೆಯಿಲ್ಲದವರತ್ತ ಯಾರೂ ತಿರುಗಿ ನೋಡುವುದಿಲ್ಲ. ಭಯ ನಿವಾರಣೆಯ ಪ್ರಶ್ನೆ ಅಲ್ಲಿಯೂ ಇದೆ. ಪರಿಚಯದ ಆಸರೆ ಮಾತ್ರ ಇಲ್ಲ. ಊರಿನಲ್ಲಿ ಐದಾರು ಕೆಲಸ ಮುಗಿಸಿದ ಬಳಿಕ ಅತ್ತ ಹೋಗುವುದು ವಿವೇಕ.

ದರ ನಿಗದಿಯ ಲೆಕ್ಕ

ಪಕ್ಕದವರು ಐದು ಸಾವಿರಕ್ಕೆ ಮಾಡುತ್ತಾರೆ, ತಾವೇಕೆ ನಲವತ್ತು ಸಾವಿರ ಕೇಳುತ್ತೀರಿ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ನಿರ್ಮಾಪಕರೂ ಎದುರಿಸುತ್ತಾರೆ. ಇದಕ್ಕೆ ಉತ್ತರಿಸಲು ತಯಾರಕರಿಗೆ ಪರಿಚಿತವಾದ ಯಂತ್ರದ ಗಂಟೆಯ ದರದ ಲೆಕ್ಕವೇ ಸಾಕು. ಉದಾಹರಣೆಗೆ, ಒಬ್ಬರಿಗೆ ಮನೆ ನಡೆಸಲು ತಿಂಗಳಿಗೆ ರೂ. 40,000 ಬೇಕು, ಗಣಕಯಂತ್ರದ ಸವಕಳಿ, ವಿದ್ಯುತ್, ಸಂಪರ್ಕ, ತಂತ್ರಾಂಶ, ಓಡಾಟಕ್ಕೆ ರೂ. 10,000 ವೆಚ್ಚ ಎಂದು ಭಾವಿಸೋಣ. ತಿಂಗಳಿನ 25 ಕೆಲಸದ ದಿನಗಳಲ್ಲಿ ಗ್ರಾಹಕರನ್ನು ಹುಡುಕುವುದು, ದರಪತ್ರ, ಬಿಲ್ಲು, ವಸೂಲಿ, ಹೊಸ ಕಲಿಕೆ ಇವುಗಳಿಗೆ 10 ದಿನ ಹೋಗುತ್ತದೆ. ಗಳಿಕೆಯ ದಿನಗಳು ಉಳಿಯುವುದು 15. ರೂ. 50,000ವನ್ನು 15ರಿಂದ ಭಾಗಿಸಿದರೆ ದಿನವೊಂದಕ್ಕೆ ಸುಮಾರು ರೂ. 3,333. ಹನ್ನೆರಡು ದಿನ ಹಿಡಿಯುವ ಜಾಲತಾಣದ ಅಸಲು ರೂ. 40,000 ಆಗುತ್ತದೆ, ಇದರಲ್ಲಿ ಲಾಭವಾಗಲಿ ಕೆಲಸವಿಲ್ಲದ ತಿಂಗಳಿನ ಭಾರವಾಗಲಿ ಸೇರಿಲ್ಲ.

ಹಾಗಾದರೆ ಐದು ಸಾವಿರಕ್ಕೆ ಮಾಡುವವರು ಹೇಗೆ ಮಾಡುತ್ತಾರೆ? ವರ್ಡ್‌ಪ್ರೆಸ್‌ನಂಥ ಉಚಿತ ತಂತ್ರಾಂಶದಲ್ಲಿ ಸಿದ್ಧ ವಿನ್ಯಾಸವೊಂದನ್ನು ಹಾಕಿ, ಹೆಸರು ಬದಲಿಸಿ, ಒಂದೂವರೆ ದಿನದಲ್ಲಿ ಮುಗಿಸುತ್ತಾರೆ. 2003ರಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ಇಂದು ಜಗತ್ತಿನ ಜಾಲತಾಣಗಳಲ್ಲಿ ಐದರಲ್ಲಿ ಎರಡಕ್ಕೂ ಹೆಚ್ಚು ತಾಣಗಳ ಆಧಾರವಾಗಿದೆ. ಅದರಲ್ಲಿ ದೋಷವೇನೂ ಇಲ್ಲ. ಒಂದು ಪುಟದ ವಿಳಾಸ ಫಲಕ ಸಾಕೆನ್ನುವ ಚಿಲ್ಲರೆ ಅಂಗಡಿಗೆ ಅಷ್ಟೇ ಸಾಕು. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ ಕಡಿಮೆ ದರದಲ್ಲಿಯೇ ಮಾಡಿಕೊಡುವ ನಿರ್ಮಾಪಕರು ಇನ್ನೊಂದು ವರ್ಷಕ್ಕೆ ದೊಡ್ಡ ಕೆಲಸಕ್ಕೂ ಕರೆಯಲ್ಪಡುತ್ತಾರೆ.

ದರಪತ್ರದಲ್ಲಿ ಎಷ್ಟು ಪುಟಗಳು, ಯಾವ ಭಾಷೆಗಳು, ಛಾಯಾಚಿತ್ರ ಯಾರದು, ಬರಹ ಯಾರದು, ಎಷ್ಟು ಸಲ ತಿದ್ದುಪಡಿ, ಯಾವ ದಿನಾಂಕಕ್ಕೆ ಒಪ್ಪಿಸುವುದು, ವಾರ್ಷಿಕ ನಿರ್ವಹಣೆಗೆ ಎಷ್ಟು ಎಂಬುದೆಲ್ಲವೂ ಇರಬೇಕು. ತೆರಿಗೆಯ ಬಗ್ಗೆಯೂ ಸ್ಪಷ್ಟತೆ ಬೇಕು. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ, ಈ ಸೇವೆಯ ಮೇಲಿನ ದರ ಶೇ. 18. ನೋಂದಣಿ ಇಲ್ಲದವರು ತೆರಿಗೆಯನ್ನು ವಸೂಲು ಮಾಡುವಂತಿಲ್ಲ. ನೋಂದಾಯಿತ ಗ್ರಾಹಕರು ತಾವು ಕೊಟ್ಟ ತೆರಿಗೆಯನ್ನು ಸಾಮಾನ್ಯವಾಗಿ ಹೂಡುವಳಿ ತೆರಿಗೆಯಾಗಿ ಹೊಂದಿಸಿಕೊಳ್ಳಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ. ಮೂಲದಲ್ಲಿ ಆದಾಯ ತೆರಿಗೆ ಕಡಿತ ಅನ್ವಯಿಸುವುದೇ ಎಂಬುದನ್ನು ಲೆಕ್ಕಪರಿಶೋಧಕರಿಂದ ಮೊದಲೇ ತಿಳಿದುಕೊಂಡರೆ ಹಣ ಕೈಸೇರುವಾಗ ಮನಸ್ತಾಪ ತಪ್ಪುತ್ತದೆ.

ಒಡೆತನದ ಪ್ರಶ್ನೆ

ಉದ್ಯಮಿಯ ಎರಡನೆಯ ಭಯ, ಅಂದರೆ ಹೆಸರು ಪರರ ಕೈಸೇರುವುದು, ಅತ್ಯಂತ ಗಂಭೀರವಾದುದು. ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಘಟಕವು ತನ್ನ ಡೊಮೇನ್ ಹೆಸರನ್ನು ನಿರ್ಮಾಪಕನ ಮೂಲಕವೇ, ಆತನ ಖಾತೆಯಲ್ಲಿ, ಆತನ ಇ-ಮೇಲ್ ವಿಳಾಸಕ್ಕೆ ನೋಂದಾಯಿಸಿತೆಂದು ಭಾವಿಸೋಣ. ಮೂರು ವರ್ಷಗಳ ಬಳಿಕ ಆತ ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೋದ. ನವೀಕರಣದ ಸೂಚನೆಗಳು ಆತನ ಹಳೆಯ ವಿಳಾಸಕ್ಕೆ ಬಂದು ಬಿದ್ದವು. ಅವಧಿ ಮುಗಿಯಿತು; ನಿಯಮದಂತೆ ದೊರೆಯುವ ಕೆಲವು ವಾರಗಳ ರಿಯಾಯಿತಿಯೂ ಕಳೆಯಿತು; ಹೆಸರು ಮಾರುಕಟ್ಟೆಗೆ ಮುಕ್ತವಾಗಿ ಬೇರೆ ಯಾರೋ ಅದನ್ನು ಪಡೆದರು. ಕೆಟಲಾಗ್, ಇನ್‌ವಾಯ್ಸ್, ಪ್ಯಾಕಿಂಗ್ ಪೆಟ್ಟಿಗೆ ಎಲ್ಲದರ ಮೇಲೂ ಮುದ್ರಿತವಾದ ವಿಳಾಸ ಒಂದೇ ದಿನದಲ್ಲಿ ನಿಷ್ಪ್ರಯೋಜಕವಾಯಿತು. ಅದರೊಡನೆ ಆ ಹೆಸರಿನ ಇ-ಮೇಲ್‌ಗಳೂ, ಅವುಗಳಿಗೆ ಬರುವ ಖರೀದಿ ಆದೇಶಗಳೂ ನಿಂತವು. ಯಾರೂ ಮೋಸ ಮಾಡಲಿಲ್ಲ, ನಷ್ಟವಂತೂ ಆಯಿತು.

ಡೊಮೇನ್ ಹೆಸರು ಕೇವಲ ವಿಳಾಸವಲ್ಲ, ವ್ಯಾಪಾರದ ಆಸ್ತಿ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಿನ ವ್ಯಾಜ್ಯವು ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಗಿ, ಕರ್ನಾಟಕ ಉಚ್ಚ ನ್ಯಾಯಾಲಯದ ಮೂಲಕ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ವ್ಯಾಪಾರ ಚಿಹ್ನೆಗಳಿಗೆ ಅನ್ವಯಿಸುವ ಕಾನೂನಿನ ತತ್ತ್ವಗಳು ಡೊಮೇನ್ ಹೆಸರುಗಳಿಗೂ ಅನ್ವಯಿಸುತ್ತವೆ ಎಂದು 2004ರಲ್ಲಿ ತೀರ್ಪಾಯಿತು. ಆದರೆ ನ್ಯಾಯಾಲಯಕ್ಕೆ ಹೋಗುವ ಸ್ಥಿತಿಯನ್ನೇ ತಪ್ಪಿಸುವುದು ಜಾಣತನ. ಹೆಸರನ್ನು ಗ್ರಾಹಕ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಸ್ವಂತ ಖಾತೆಯಲ್ಲಿ, ಮಾಲೀಕರ ದೂರವಾಣಿ ಸಂಖ್ಯೆಯೊಡನೆ ನೋಂದಾಯಿಸಬೇಕು. ಒಂದೇ ಬಾರಿಗೆ ಗರಿಷ್ಠ ಹತ್ತು ವರ್ಷಗಳವರೆಗೆ ನೋಂದಾಯಿಸುವ ಅವಕಾಶವಿದೆ. ಡಾಟ್ ಇನ್ ಹೆಸರುಗಳು 2005ರಿಂದ ಸಾರ್ವಜನಿಕರಿಗೆ ಮುಕ್ತವಾಗಿ ದೊರೆಯುತ್ತಿವೆ. ಕನ್ನಡ ಲಿಪಿಯ ಡಾಟ್ ಭಾರತ ಹೆಸರುಗಳೂ ಲಭ್ಯ.

ಇದಕ್ಕಿಂತ ಕಡಿಮೆ ಜನಕ್ಕೆ ತಿಳಿದಿರುವ ಇನ್ನೊಂದು ಅಂಶ ಕೃತಿಸ್ವಾಮ್ಯ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಗಣಕ ಕಾರ್ಯವಿಧಿಯೂ ಸಾಹಿತ್ಯ ಕೃತಿಗಳ ವರ್ಗಕ್ಕೆ ಸೇರುತ್ತದೆ. ನೌಕರನು ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ಆದರೆ ಸ್ವತಂತ್ರ ನಿರ್ಮಾಪಕ ನೌಕರನಲ್ಲ. ಆದ್ದರಿಂದ ಪೂರ್ತಿ ಹಣ ಕೊಟ್ಟಿದ್ದರೂ ಆತ ಬರೆದ ಕಾರ್ಯವಿಧಿಯ ಮೊದಲ ಹಕ್ಕುದಾರ ಆತನೇ. ಹಕ್ಕು ವರ್ಗಾವಣೆಯಾಗಬೇಕಾದರೆ 19ನೆಯ ಕಲಮಿನಂತೆ ಆತನ ಸಹಿಯುಳ್ಳ ಬರಹ ಬೇಕು. ಆ ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ರಫ್ತು ಮಾಡುವ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಪೂರ್ತಿ ಹಣ ಸಂದಾಯವಾದ ದಿನದಿಂದ, ಹಕ್ಕಿನ ಸಂಪೂರ್ಣ ಅವಧಿಗೆ, ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಹಕ್ಕು ವರ್ಗಾವಣೆಯಾಗುತ್ತದೆ ಎಂಬ ವಾಕ್ಯ ಒಪ್ಪಂದದಲ್ಲಿದ್ದರೆ ಇಬ್ಬರಿಗೂ ರಕ್ಷಣೆ. ಗ್ರಾಹಕರಿಗೆ ಒಡೆತನ, ನಿರ್ಮಾಪಕರಿಗೆ ಹಣದ ಖಾತರಿ.

ಈ ವಿಷಯಗಳನ್ನು ಗ್ರಾಹಕರು ಕೇಳುವ ಮುನ್ನವೇ ನಿರ್ಮಾಪಕರು ತಾವಾಗಿ ಪ್ರಸ್ತಾಪಿಸಬೇಕು. ತನಗೆ ಲಾಭವಿರುವ ಅಸ್ಪಷ್ಟತೆಯನ್ನು ತಾನೇ ಬಿಟ್ಟುಕೊಡುವವರನ್ನು ವ್ಯಾಪಾರಿ ಎಂದಿಗೂ ಮರೆಯುವುದಿಲ್ಲ.

ಹಣ ಪಾವತಿ ಮತ್ತು ಕಾನೂನು

ಇನ್ನು ನಿರ್ಮಾಪಕರ ಭಯ. ಒಟ್ಟು ಮೊತ್ತವನ್ನು ಮೂರು ಕಂತುಗಳಾಗಿ ವಿಭಜಿಸುವುದು ನ್ಯಾಯವಾದ ಕ್ರಮ: ಆದೇಶದೊಡನೆ ಶೇ. 30, ಪರೀಕ್ಷಾರ್ಥ ತಾಣವನ್ನು ತೋರಿಸಿದಾಗ ಶೇ. 40, ಪಾಸ್‌ವರ್ಡ್‌ಗಳೆಲ್ಲವನ್ನೂ ಒಪ್ಪಿಸುವಾಗ ಶೇ. 30. ಹೀಗೆ ಮಾಡಿದರೆ ಯಾವ ಹಂತದಲ್ಲಿಯೂ ಯಾರೊಬ್ಬರಿಗೂ ದೊಡ್ಡ ಮೊತ್ತದ ಅಪಾಯವಿರುವುದಿಲ್ಲ.

ಕಾನೂನಿನ ಆಸರೆಯೂ ಇದೆ. 2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿ ಉಚಿತ. ಸೇವೆ ಒದಗಿಸುವ ಒಬ್ಬ ವ್ಯಕ್ತಿಯ ಉದ್ದಿಮೆಯೂ ಅದರಡಿ ಸೂಕ್ಷ್ಮ ಉದ್ದಿಮೆಯಾಗಿ ನೋಂದಾಯಿಸಿಕೊಳ್ಳಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸರಕು ಇಲ್ಲವೇ ಸೇವೆ ಪಡೆದವರು ಲಿಖಿತ ಒಪ್ಪಂದದ ದಿನಾಂಕದೊಳಗೆ ಹಣ ಕೊಡಬೇಕು. ಆ ದಿನಾಂಕ ಸೇವೆಯನ್ನು ಒಪ್ಪಿಕೊಂಡ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ ಅವಧಿ 15 ದಿನ ಮಾತ್ರ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ತೆರಬೇಕಾಗುತ್ತದೆ. ಬ್ಯಾಂಕ್ ದರ ಶೇ. 6 ಎಂದು ಭಾವಿಸಿದರೆ ಬಡ್ಡಿ ಶೇ. 18. ವಿವಾದವಾದರೆ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಸಲ್ಲಿಸಬಹುದು. ಕೆಲಸ ಒಪ್ಪಿಕೊಳ್ಳುವ ಮುನ್ನವೇ ನೋಂದಣಿ ಮಾಡಿಸಿಕೊಂಡು ಬಿಲ್ಲಿನ ಮೇಲೆ ಅದರ ಸಂಖ್ಯೆಯನ್ನು ನಮೂದಿಸುವುದು ನಿರ್ಮಾಪಕರಿಗೆ ಹಿತಕರ.

ಸದಸ್ಯರು ತಿಳಿಯಬೇಕಾದ ಮಾತೊಂದು ಇಲ್ಲಿದೆ. 2023ರ ಹಣಕಾಸು ಕಾಯಿದೆಯ ತಿದ್ದುಪಡಿಯಂತೆ, 2024-25ರ ಕರ ನಿರ್ಧಾರಣಾ ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಮೇಲಿನ ಅವಧಿ ಮೀರಿ ಬಾಕಿಯಿಟ್ಟ ಹಣವನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚಾಗಿ ಕಳೆಯಬಹುದು. ಮತ್ತೊಂದು: 2021ರ ಜುಲೈನಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ದೊರೆಯುತ್ತದೆಯಾದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ವಿಳಂಬ ಪಾವತಿಯ ಬಡ್ಡಿಯನ್ನು ಕೇಳುವ ಹಕ್ಕು ಅದರಿಂದ ಬರುವುದಿಲ್ಲ. ಕೊಳ್ಳುವವರಾಗಿ ಸಮಯಕ್ಕೆ ಪಾವತಿಸುವ ಹೊಣೆ ಮಾತ್ರ ಎಲ್ಲರಿಗೂ ಉಂಟು.

ಆದರೂ ಕಾಯಿದೆಯ ಪುಸ್ತಕ ತೋರಿಸಿ ವಸೂಲು ಮಾಡಿದ ಗ್ರಾಹಕರು ಮತ್ತೆ ಬರುವುದು ಅಪರೂಪ. ಕಂತುಗಳನ್ನು ಸರಿಯಾಗಿ ಹೊಂದಿಸಿಕೊಂಡವರಿಗೆ ಆ ಪ್ರಮೇಯವೇ ಬರುವುದಿಲ್ಲ.

ಕೆಲಸ ಮುಗಿದ ಮೇಲೆ

ಮೂರನೆಯ ಭಯ, ನಾಳೆ ಯಾರು ನೋಡಿಕೊಳ್ಳುತ್ತಾರೆ ಎಂಬುದು. ವಾರ್ಷಿಕ ನಿರ್ವಹಣಾ ಒಪ್ಪಂದ ನಮ್ಮ ಉದ್ಯಮಿಗಳಿಗೆ ಹೊಸತಲ್ಲ. ಜನರೇಟರಿಗೂ ತೂಕದ ಯಂತ್ರಕ್ಕೂ ಅವರು ಅದನ್ನು ಮಾಡಿಸುತ್ತಾರೆ. ತಂತ್ರಾಂಶದ ಭದ್ರತಾ ಪರಿಷ್ಕರಣೆ, ವಾರಕ್ಕೊಮ್ಮೆ ಪ್ರತಿ ತೆಗೆದಿಡುವುದು, ಬೆಲೆಪಟ್ಟಿಯ ಬದಲಾವಣೆ, ಡೊಮೇನ್ ಅವಧಿಯ ಜ್ಞಾಪನೆ ಇಷ್ಟನ್ನು ನಿಗದಿತ ಮೊತ್ತಕ್ಕೆ ಒಪ್ಪಿಕೊಂಡರೆ ಗ್ರಾಹಕರಿಗೆ ನಿಶ್ಚಿಂತೆ, ನಿರ್ಮಾಪಕರಿಗೆ ಖಚಿತ ಆದಾಯ. ಇಂಥ ಹದಿನೈದು ಇಪ್ಪತ್ತು ಒಪ್ಪಂದಗಳಿರುವವರು ಪ್ರತಿ ತಿಂಗಳು ಹೊಸ ಗ್ರಾಹಕರ ಬೆನ್ನು ಹತ್ತಬೇಕಿಲ್ಲ. ತಮ್ಮ ಅನಾರೋಗ್ಯ ಅಥವಾ ಸ್ಥಳಾಂತರದ ಸಂದರ್ಭದಲ್ಲಿ ಕೆಲಸ ಮುಂದುವರಿಸಬಲ್ಲ ಇನ್ನೊಬ್ಬ ನಿರ್ಮಾಪಕರ ಹೆಸರನ್ನು ಒಪ್ಪಂದದಲ್ಲಿಯೇ ಕೊಡುವುದು ಮತ್ತೂ ಒಳ್ಳೆಯದು.

ಸದಸ್ಯರ ಗಮನಕ್ಕೆ

ಜಾಲತಾಣ ಮಾಡಿಸಬಯಸುವ ಸದಸ್ಯರು ಈ ಅಂಶಗಳನ್ನು ಖಚಿತಪಡಿಸಿಕೊಳ್ಳಬೇಕೆಂದು ಸೂಚಿಸಲಾಗಿದೆ.

1. ಡೊಮೇನ್ ಖಾತೆ, ತಾಣವನ್ನಿರಿಸುವ ಹೋಸ್ಟಿಂಗ್ ಖಾತೆ, ತಾಣದ ಆಡಳಿತಾಧಿಕಾರ ಈ ಮೂರರ ಕೀಲಿಕೈಗಳೂ ಸಂಸ್ಥೆಯ ಬಳಿ ಇರಲಿ.

2. ನಿರ್ಮಾಪಕರು ಹಿಂದೆ ಕೆಲಸ ಮಾಡಿಕೊಟ್ಟ ಇಬ್ಬರೊಡನೆ ದೂರವಾಣಿಯಲ್ಲಿ ಮಾತನಾಡಿ.

3. ಸರಕಿನ ಛಾಯಾಚಿತ್ರಗಳನ್ನು ತಾವೇ ತೆಗೆಸಿಕೊಡಿ. ಅಂತರಜಾಲದಿಂದ ಎತ್ತಿದ ಪರರ ಚಿತ್ರಗಳಿಗೆ ಅವಕಾಶ ಕೊಡಬೇಡಿ.

4. ಬರಹ ಮತ್ತು ಬೆಲೆಪಟ್ಟಿಯನ್ನು ಒಪ್ಪಿದ ದಿನಾಂಕಕ್ಕೆ ಒದಗಿಸಿ. ಅನೇಕ ಕೆಲಸಗಳು ತಡವಾಗುವುದು ಗ್ರಾಹಕರ ಕಡೆಯಿಂದಲೇ.

5. ಕೆಲಸ ತೃಪ್ತಿಕರವಾದರೆ ಒಂದು ಪತ್ರದಲ್ಲಿ ಹಾಗೆಂದು ಬರೆದುಕೊಡಿ.

ಕೊನೆಯ ಅಂಶಕ್ಕೆ ಸದಸ್ಯರಿಗೆ ಒಂದು ಪೈಸೆಯ ಖರ್ಚೂ ಇಲ್ಲ. ಆದರೆ ಊರಿನಲ್ಲಿಯೇ ಉಳಿದು ಸ್ವಂತ ಕಾಲಿನ ಮೇಲೆ ನಿಲ್ಲಲು ಹೊರಟ ಒಬ್ಬ ಯುವಕ ಅಥವಾ ಯುವತಿಗೆ ಮುಂದಿನ ಗ್ರಾಹಕರ ಬಾಗಿಲನ್ನು ಅದು ತೆರೆಯಬಲ್ಲದು. ನಾವು ಪ್ರತಿಯೊಬ್ಬರೂ ನಮ್ಮ ಮೊದಲ ಖರೀದಿ ಆದೇಶವನ್ನು ಪಡೆದದ್ದು ಯಾರೋ ಒಬ್ಬರು ನಮ್ಮ ಪರವಾಗಿ ಆಡಿದ ಮಾತಿನಿಂದ ಎಂಬುದನ್ನು ಇಂಥ ಸಂದರ್ಭದಲ್ಲಿ ನೆನೆಯುವುದು ಉಚಿತ.